ತೊಗಲಿನ ಬೀದಿಯಲ್ಲಿ ಸೆಲ್ಫಿ, ನಮ್ಮ ಕೇರಿಯಲ್ಲಿ ಮೂಗಿಗೆ ಕರ್ಚೀಫು

ಸೋಗಾನೆ ಅಂದ್ರೆ ಹೊರಗಿನ ಜನಕ್ಕೆ ಎರಡೇ ಗೊತ್ತು. ಒಂದು ಸೆಂಟ್ರಲ್ ಜೈಲು, ಇನ್ನೊಂದು ಏರ್‌ಪೋರ್ಟು. ನಾನು ಈ ಊರಿನ ಕೇರಿಯವನು. ಈ ಊರಲ್ಲಿ ಮೂರನೇದೂ ಒಂದಿದೆ ಅಂತ ಹೇಳೋಕೆ ಈ ಪೋಸ್ಟ್. ಉದ್ದ ಆಗುತ್ತೆ. ತಾಳ್ಮೆ ಇದ್ದವರು ಪೂರ್ತಿ ಓದಿ, ಇಲ್ಲದವರು ಅರ್ಧ ಓದಿ ಬೈಯ್ಯಬೇಡಿ.

ವಿಷಯ ಇಷ್ಟು. ನನ್ನ ಜೊತೆ ಬಹಳ ವರ್ಷ ಕೆಲಸ ಮಾಡಿದ ಹಿರಿಯರೊಬ್ಬರು ಯುರೋಪ್ ಟೂರ್ ಮುಗಿಸಿ ಬಂದಿದ್ದಾರೆ. ಒಳ್ಳೇ ಮನುಷ್ಯ, ನನಗೆ ಕಷ್ಟಕ್ಕಾದವರು, ಅದಕ್ಕೇ ಹೆಸರು ಹೇಳಲ್ಲ. ನಮ್ಮ ಹಳೇ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗೆ ನಲವತ್ತು ಫೋಟೋ ಹಾಕಿ ಹೀಗೆ ಬರೆದರು: "ಪರಂಪರೆ ಅಂದ್ರೆ ಇದು ನೋಡ್ರಪ್ಪ. ನಾನೂರು ಐನೂರು ವರ್ಷದ ಬೀದಿ, ಒಂದು ಕಲ್ಲು ಅಲ್ಲಾಡಿಲ್ಲ. ಜಾತಿ ಇಲ್ಲ, ಗಲಾಟೆ ಇಲ್ಲ. ನಮ್ಮವರಿಗೆ ಇತಿಹಾಸದ ಬೆಲೆ ಗೊತ್ತಿಲ್ಲ, ಹಳೇ ಗಾಯ ಕೆರ್ಕೊಂಡು ಕೂರೋದು ಮಾತ್ರ ಗೊತ್ತು."

ಕೊನೇ ಸಾಲು ಯಾರಿಗೆ ಅಂತ ಗುಂಪಿನಲ್ಲಿ ಎಲ್ಲರಿಗೂ ಅರ್ಥ ಆಯ್ತು. ಹನ್ನೊಂದು ಜನ ಕೈ ಮುಗಿಯೋ ಗುರುತು ಹಾಕಿದರು. ನಾನು ಸುಮ್ಮನಿದ್ದೆ. ಆಮೇಲೆ ಒಂದು ಫೋಟೋ ನೋಡಿ ಸುಮ್ಮನಿರೋಕೆ ಆಗಲಿಲ್ಲ. ಕಾಲುವೆ ಪಕ್ಕದಲ್ಲಿ ಮರದ ಚೌಕಟ್ಟಿನ ಹಳೇ ಮನೆಗಳು, ಕಿಟಕಿ ತುಂಬ ಕೆಂಪು ಹೂವು, ಮುಂದೆ ನಮ್ಮ ಸಾಹೇಬರು ದಂಪತಿ ಸಮೇತ ನಗ್ತಾ ನಿಂತಿದ್ದಾರೆ.

ಆ ಜಾಗ ನನಗೆ ಗೊತ್ತು. ನಾನೂ ಅಲ್ಲಿ ನಿಂತಿದ್ದೆ.

ಹೌದು, ನಾನೂ ಯುರೋಪು ನೋಡಿ ಬಂದವನೇ. ನನ್ನ ಅಕ್ಕನ ಮಗಳು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಓದ್ತಿದ್ದಾಳೆ. "ಮಾಮ, ನೀನೊಂದ್ಸಲ ಬಾ, ನಿನಗೆ ತೋರಿಸೋದು ಬಹಳ ಇದೆ" ಅಂತ ಎರಡು ವರ್ಷ ಪೀಡಿಸಿದಳು. ಕಳೆದ ವರ್ಷ ಹೋದೆ. ನಮ್ಮೂರಿಂದಲೇ ವಿಮಾನ ಹತ್ತಿ ಬೆಂಗಳೂರಿಗೆ, ಅಲ್ಲಿಂದ ಫ್ರಾಂಕ್‌ಫರ್ಟಿಗೆ. ದನ ಮೇಯಿಸಿದ ನೆಲದ ಮೇಲಿಂದ ಹಾರಿದವನು ಆ ವಿಮಾನದಲ್ಲಿ ನಾನೊಬ್ಬನೇ ಇದ್ದೆ ಅನ್ಸುತ್ತೆ.

ಸಾಹೇಬರು ಫೋಟೋ ತೆಗೆಸಿಕೊಂಡ ಜಾಗ ಸ್ಟ್ರಾಸ್‌ಬರ್ಗ್ ಊರಿನ ಪೆಟಿಟ್ ಫ್ರಾನ್ಸ್. ಊರಿನ ಆ ಹಳೇ ಭಾಗ 1988ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದೆ. ಸಾವಿರಾರು ಜನ ಬರ್ತಾರೆ, ಐಸ್‌ಕ್ರೀಂ ತಿಂತಾರೆ, ಮದುವೆ ಫೋಟೋ ತೆಗೆಸ್ತಾರೆ. ಅದು ಯಾರ ಬೀದಿ ಗೊತ್ತಾ ಸಾರ್? ತೊಗಲು ಹದ ಮಾಡೋರ ಬೀದಿ. ನಿಮ್ಮ ಬೆನ್ನ ಹಿಂದೆ ಕಾಣೋ ಮನೆಗಳ ಮೇಲಂತಸ್ತು ಬಯಲು ಬಯಲಾಗಿದೆಯಲ್ಲ, ಅದು ಗಾಳಿ ಸವಿಯೋಕೆ ಕಟ್ಟಿದ್ದಲ್ಲ, ಹಸಿ ತೊಗಲು ನೇತುಹಾಕಿ ಒಣಗಿಸೋಕೆ. ಅಲ್ಲೊಂದು 1572ರ ಮನೆಗೆ ಇವತ್ತಿಗೂ ತೊಗಲು ಹದ ಮಾಡೋರ ಮನೆ ಅಂತಲೇ ಹೆಸರು. ಈಗ ಅದು ಹೋಟೆಲು. ಹೆಸರು ಬದಲಾಯಿಸಲಿಲ್ಲ, ಆ ಹೆಸರಿನಿಂದಲೇ ವ್ಯಾಪಾರ.

ನಾನು ಆ ಕಾಲುವೆ ಕಟ್ಟೆ ಮೇಲೆ ಕೂತು ನನ್ನ ಅಜ್ಜನ್ನ ನೆನೆಸಿಕೊಂಡೆ. ನನ್ನ ಅಜ್ಜನೂ ತೊಗಲು ಹದ ಮಾಡ್ತಿದ್ದ. ಅಲ್ಲಿಯವರು ಓಕ್ ಮರದ ತೊಗಟೆ ಹಾಕಿದರೆ ನನ್ನಜ್ಜ ಆವರಿಕೆ ತೊಗಟೆ ಹಾಕ್ತಿದ್ದ. ಅದೇ ಸುಣ್ಣದ ಗುಂಡಿ, ಅದೇ ನೀರು, ಅದೇ ವಾಸನೆ. ಆದರೆ ಆ ವಾಸನೆ ಅವರ ಮೈಗೆ ಅಂಟಿತೇ ಹೊರತು ಅವರ ಮೊಮ್ಮಕ್ಕಳ ಹೆಸರಿಗೆ ಅಂಟಲಿಲ್ಲ. ನನ್ನಜ್ಜ ಸತ್ತು ನಲವತ್ತು ವರ್ಷ ಆಯ್ತು. ತೊಗಲು ಮುಟ್ಟದ ನನಗೆ ಶಿವಮೊಗ್ಗ ಪೇಟೇಲಿ ಬಾಡಿಗೆ ಮನೆ ಕೇಳೋಕೆ ಹೋದ್ರೆ ಈಗಲೂ ಕೇಳ್ತಾರೆ, "ನಿಮ್ಮದು ಯಾವ ಪೈಕಿ?"

ಸಾರ್, ನೀವು ಯುರೋಪಿನ ತೊಗಲಿನ ಬೀದಿಯಲ್ಲಿ ನಿಂತು ಸೆಲ್ಫಿ ತಗೊಂಡ್ರಿ. ಸಂತೋಷ. ಅದೇ ಕೆಲಸ ಮಾಡಿದವರ ಬೀದಿ ನಿಮ್ಮೂರಲ್ಲೂ ಇದೆ. ಚುನಾವಣೆ ಡ್ಯೂಟಿಗೆ ಅಂತ ಒಮ್ಮೆ ಅಲ್ಲಿಗೆ ಬಂದಾಗ ನೀವು ಮೂಗಿಗೆ ಕರ್ಚೀಫು ಹಿಡಿದಿದ್ದು ನಾನು ನೋಡಿದೀನಿ. ಆಗ ಅಲ್ಲಿ ತೊಗಲೂ ಇರಲಿಲ್ಲ, ವಾಸನೆಯೂ ಇರಲಿಲ್ಲ.

ಇನ್ನು "ಅಲ್ಲಿ ಜಾತಿ ಇಲ್ಲ" ಅನ್ನೋ ಮಾತು. ಇವತ್ತು ನಾವು ಕಂಡ ಥರದ ಜಾತಿ ಇಲ್ಲ, ನಿಜ. ಆದರೆ ಇರಲೇ ಇಲ್ಲ ಅಂದ್ಕೊಂಡಿದ್ದೀರಲ್ಲ, ಅದನ್ನ ಸ್ವಲ್ಪ ಮಾತಾಡೋಣ.

ತುಲೂಸ್‌ಗೆ ಹೋದ ಮೇಲೆ ಹುಡುಗಿ ನನ್ನನ್ನ ರೈಲಲ್ಲಿ ಲೂರ್ದ್‌ಗೆ ಕರ್ಕೊಂಡು ಹೋಗಿ, ಅಲ್ಲಿಂದ ಪಿರನೀಸ್ ಬೆಟ್ಟದ ಬುಡದ ಸೇಂಟ್ ಸಾವಿನ್ ಅನ್ನೋ ಹಳ್ಳಿಗೆ ಕರ್ಕೊಂಡು ಹೋದಳು. ಚಿಕ್ಕ ಊರು, ಹಳೇ ಕಲ್ಲಿನ ಚರ್ಚು, ಹಿಂದೆ ಬೆಟ್ಟ. ನಮ್ಮ ಹೊಸನಗರದ ಕಡೆ ಮಳೆ ನಿಂತ ಮೇಲೆ ಕಾಣುತ್ತಲ್ಲ, ಹಾಗೇ ಹಸಿರು. ಚರ್ಚಿನೊಳಗೆ ಒಂದು ಕಲ್ಲಿನ ತೀರ್ಥದ ತೊಟ್ಟಿ ಇದೆ. ಅದನ್ನ ಹೊತ್ತ ಹಾಗೆ ಎರಡು ಪುಟ್ಟ ಮನುಷ್ಯರ ಕೆತ್ತನೆ. "ಮಾಮ, ಇದು ಎಲ್ಲರ ತೊಟ್ಟಿ ಅಲ್ಲ. ಇದು ಕಾಗೋಗಳದ್ದು" ಅಂದಳು.

ಕಾಗೋಗಳು ಯಾರು? ಅದೇ ದೇಶ, ಅದೇ ಬಣ್ಣ, ಅದೇ ಭಾಷೆ, ಅದೇ ಯೇಸು. ಆದರೂ ಅವರು ಊರ ಹೊರಗೆ ಬೇರೆ ಕೇರಿಯಲ್ಲಿರಬೇಕು. ಚರ್ಚಿಗೆ ಬಂದರೆ ಪಕ್ಕದ ಸಣ್ಣ ಬಾಗಿಲಲ್ಲಿ ಬಗ್ಗಿ ಬರಬೇಕು. ತೀರ್ಥದ ತೊಟ್ಟಿ ಬೇರೆ, ಕೂರೋ ಜಾಗ ಬೇರೆ, ಸತ್ತರೆ ಹೂಳೋ ಜಾಗ ಬೇರೆ. ಹೊರಗಿನವರ ಜೊತೆ ಮದುವೆ ಇಲ್ಲ. ಹೆಚ್ಚಿನವರಿಗೆ ಬಡಗಿ ಕೆಲಸ. ಕೆಲವು ಕಡೆ ಬಟ್ಟೆ ಮೇಲೆ ಕೆಂಪು ಬಣ್ಣದ ಬಾತಿನ ಪಾದದ ಗುರುತು ಹೊಲಿಸ್ಕೊಂಡೇ ತಿರುಗಾಡಬೇಕಿತ್ತು. ಅವರು ಯಾಕೆ ಮೈಲಿಗೆ ಅಂತ ಕೇಳಿದ್ರೆ ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ. ಒಬ್ಬರು ಕುಷ್ಠ ಅಂದರು, ಇನ್ನೊಬ್ಬರು ಶಾಪ ಅಂದರು. ನಾವು ಕೇಳಿರೋ ಕಥೆಗಳ ಹಾಗೇ ಅಲ್ವಾ?

ಬೆಟ್ಟದ ಆಚೆ, ಸ್ಪೇನಿನ ನವಾರದಲ್ಲಿ ಇದೇ ಜನ ತಮಗೆ ನ್ಯಾಯ ಬೇಕು ಅಂತ ಪೋಪನಿಗೇ ಅರ್ಜಿ ಹಾಕಿದರು. 1515ರಲ್ಲಿ ಹತ್ತನೇ ಲಿಯೋ ಪೋಪ್ ಇವರನ್ನೂ ಉಳಿದ ಭಕ್ತರ ಹಾಗೇ ನೋಡಿ ಅಂತ ಆದೇಶ ಕೊಟ್ಟ. ಊರಿನವರು ಕೇಳಿದರಾ? ಇಲ್ಲ. ಆಮೇಲೂ ನೂರಾರು ವರ್ಷ ನಡೀತು. ನಮ್ಮಲ್ಲಿ ಅಸ್ಪೃಶ್ಯತೆಗೆ ಶಿಕ್ಷೆ ಅಂತ 1955ರಲ್ಲಿ ಕಾಯ್ದೆ ಬಂತು, ಹೋಟೆಲಿನಲ್ಲಿ ಎರಡು ಲೋಟ ಹೋಗೋಕೆ ಎಷ್ಟು ವರ್ಷ ಬೇಕಾಯ್ತು ಅಂತ ನಮ್ಮಪ್ಪನ ಕಾಲದವರನ್ನ ಕೇಳಿ. ಆದೇಶ ಬರೋದು ಮೇಲಿಂದ, ಮೈಲಿಗೆ ಇರೋದು ಊರೊಳಗೆ.

ಆ ತೊಟ್ಟಿ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ನೀರಿನ ವಿಷಯ ನೋಡಿ, ನಮಗೆ ಬೇಗ ಮುಟ್ಟುತ್ತೆ. 1927ರಲ್ಲಿ ಬಾಬಾಸಾಹೇಬರು ಮಹಾಡ್ ಕೆರೆಯಲ್ಲಿ ಒಂದು ಬೊಗಸೆ ನೀರು ಎತ್ತಿ ಕುಡಿಯೋಕೆ ಎಷ್ಟು ದೊಡ್ಡ ಯುದ್ಧ ಆಯ್ತು. ಇಲ್ಲಿ ನನ್ನ ಕಣ್ಣೆದುರಿಗೇ ಇನ್ನೊಂದು ಜನದ ಬೇರೆ ತೊಟ್ಟಿ. ಆದರೆ ವ್ಯತ್ಯಾಸ ಏನು ಅಂದ್ರೆ, ಆ ತೊಟ್ಟಿಯನ್ನ ಯಾರೂ ಒಡೆದು ಹಾಕಿಲ್ಲ, ಇದು ಎಲ್ಲರ ತೊಟ್ಟಿ ಅಂತ ಸುಳ್ಳೂ ಹೇಳ್ತಿಲ್ಲ. ಇದು ಕಾಗೋಗಳ ತೊಟ್ಟಿ ಅಂತಲೇ ಬಂದವರಿಗೆ ತೋರಿಸ್ತಾರೆ. ಹತ್ತಿರದ ಆರೊ ಅನ್ನೋ ಊರಲ್ಲಿ ಕಾಗೋಗಳದ್ದೇ ಒಂದು ಮ್ಯೂಸಿಯಂ ಇದೆ. ಅವಮಾನ ಮಾಡಿದ ಊರುಗಳೇ ಅದನ್ನ ಈಗ ಕಾಯ್ತಾ ಇವೆ.

ಯುರೋಪಿನವರೇನು ದೇವರಲ್ಲ, ಅದನ್ನೂ ಹೇಳಿಬಿಡ್ತೀನಿ. ಫ್ರಾಂಕ್‌ಫರ್ಟ್‌ನಲ್ಲಿ 1462ರಲ್ಲಿ ಯಹೂದಿಗಳನ್ನೆಲ್ಲ ಒಂದು ಇಕ್ಕಟ್ಟಿನ ಬೀದಿಗೆ ತಳ್ಳಿ ಗೇಟು ಹಾಕಿದರು. ಮೂರು ಶತಮಾನ ಅವರು ಅಲ್ಲೇ ಇದ್ದರು. ಆಮೇಲೆ ಹಿಟ್ಲರ್ ಕಾಲದಲ್ಲಿ ಆದದ್ದು ಎಲ್ಲರಿಗೂ ಗೊತ್ತು. 1987ರಲ್ಲಿ ಅಲ್ಲಿ ನಗರಪಾಲಿಕೆ ಹೊಸ ಕಟ್ಟಡ ಕಟ್ಟೋಕೆ ನೆಲ ಅಗೆದಾಗ ಆ ಬೀದಿಯ ಮನೆಗಳ ಪಾಯ ಸಿಕ್ಕಿತು. ಆಡಳಿತಕ್ಕೆ ಕಟ್ಟಡ ಮುಗಿದರೆ ಸಾಕಿತ್ತು. ಜನ ಬಿಡಲಿಲ್ಲ, ಜಾಗಕ್ಕೇ ನುಗ್ಗಿ ಕೂತು ಗಲಾಟೆ ಮಾಡಿದರು. ಕೊನೆಗೆ ಐದು ಮನೆಗಳ ಪಾಯವನ್ನ ಕಟ್ಟಡದೊಳಗೇ ಉಳಿಸಿ 1992ರಲ್ಲಿ ಮ್ಯೂಸಿಯಂ ಮಾಡಿದರು. ಪಕ್ಕದ ಹಳೇ ಸ್ಮಶಾನದ ಗೋಡೆ ಸುತ್ತ, ಆ ಊರಿಂದ ಕೊಲ್ಲಲ್ಪಟ್ಟ 11 ಸಾವಿರಕ್ಕೂ ಹೆಚ್ಚು ಜನರ ಹೆಸರನ್ನ ಒಂದೊಂದು ಸಣ್ಣ ತುಂಡಿನ ಮೇಲೆ ಬರೆದು ಕೂರಿಸಿದ್ದಾರೆ. ನಾನು ಒಂದರ ಮೇಲೆ ಕೈ ಇಟ್ಟೆ. ತಣ್ಣಗಿತ್ತು.

ಸಾರ್, "ಗಲಾಟೆ ಇಲ್ಲ" ಅಂದ್ರಲ್ಲ. ಗಲಾಟೆ ಮಾಡಿದ್ದಕ್ಕೇ ಅದು ಉಳಿದಿದ್ದು. ಹಳೇ ಗಾಯ ಕೆರೆದವರು ಇದ್ದದ್ದಕ್ಕೇ ನಿಮಗೆ ಅಲ್ಲಿ ನೋಡೋಕೆ ಪರಂಪರೆ ಅಂತ ಒಂದು ಸಿಕ್ಕಿದ್ದು. ಇವತ್ತೂ ಅಲ್ಲಿ ರೋಮಾ ಜನ ಊರಂಚಿನ ಶೆಡ್ಡುಗಳಲ್ಲಿದ್ದಾರೆ, ಅವರ ಪರವಾಗಿ ಗಲಾಟೆ ಮಾಡೋರೂ ಇದ್ದಾರೆ. ಅದು ನಿಮ್ಮ ಟೂರ್ ಬಸ್ಸಿನ ಕಿಟಕಿಗೆ ಕಾಣ್ಸಲ್ಲ ಅಷ್ಟೆ.

ಈಗ ನಮ್ಮ ಜಿಲ್ಲೆಗೆ ಬನ್ನಿ.

ನಮಗೆ ಇತಿಹಾಸದ ಬೆಲೆ ಗೊತ್ತಿಲ್ಲ ಅಂತೀರ. ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದಲ್ಲಿ ಏನು ಕೆತ್ತಿದೆ? ಮಯೂರಶರ್ಮ ಅನ್ನೋ ಬ್ರಾಹ್ಮಣ ವಿದ್ಯಾರ್ಥಿ ಓದೋಕೆ ಕಂಚಿಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿ ಅವಮಾನ ಆಯ್ತು, ಸಿಟ್ಟಿಗೆದ್ದು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ಅಂದ್ರೆ ಕನ್ನಡ ನಾಡಿನ ಮೊದಲ ರಾಜ್ಯದ ಕಥೆ ಶುರುವಾಗೋದೇ ಒಬ್ಬ ವಿದ್ಯಾರ್ಥಿಗಾದ ಅವಮಾನದಿಂದ. ಸುಮಾರು 1,500 ವರ್ಷದಿಂದ ಆ ಅವಮಾನವನ್ನ ಕಲ್ಲಿನಲ್ಲಿ ಕಾಪಾಡಿದ್ದೀವಿ. ಪಠ್ಯದಲ್ಲಿ ಓದಿಸ್ತೀವಿ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳ್ತೀವಿ. ನಾನೂ ಬರೆದು ಐದಕ್ಕೆ ನಾಲ್ಕು ತಗೊಂಡಿದ್ದೆ.

ಆಗ ಯಾರಾದರೂ "ಹಳೇ ಗಾಯ ಯಾಕೆ ಕೆರೀತೀಯ ಮಯೂರ" ಅಂದರಾ? ಅಂದಿಲ್ಲ. ಅವನ ಅವಮಾನ ಇತಿಹಾಸ. ಶಾಲೆಯ ಹೊರಗೆ ಕೂತು ಪಾಠ ಕೇಳಿದ ನಮ್ಮ ತಾತಂದಿರ ಅವಮಾನ ಮಾತ್ರ ಗಾಯ ಕೆರೆಯೋದು. ಒಂದೇ ಜಿಲ್ಲೆ, ಎರಡು ತಕ್ಕಡಿ.

ಸೊರಬದ ಚಂದ್ರಗುತ್ತಿಗೆ ಬನ್ನಿ. ಬೆಟ್ಟ, ಕೋಟೆ, ಗುಹೆಯೊಳಗೆ ರೇಣುಕಾಂಬೆ. ಪ್ರವಾಸದ ಬರಹಗಳಲ್ಲಿ ಎಲ್ಲ ಬರೀತಾರೆ, ಸೂರ್ಯಾಸ್ತ ಎಲ್ಲಿಂದ ಚೆನ್ನಾಗಿ ಕಾಣುತ್ತೆ ಅಂತಲೂ ಬರೀತಾರೆ. ಅಲ್ಲಿ ನಡೀತಿದ್ದ ಬೆತ್ತಲೆ ಸೇವೆಯನ್ನ ತಡೆಯೋಕೆ ದಲಿತ ಸಂಘರ್ಷ ಸಮಿತಿಯವರು ಹೋದದ್ದು, 1986ರ ಮಾರ್ಚ್‌ನಲ್ಲಿ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ದಾಳಿ ಆದದ್ದು, ಕೊನೆಗೆ ಸರ್ಕಾರ ನಿಷೇಧ ಹಾಕಿದ್ದು, ಇದೆಲ್ಲ ಆ ಸೂರ್ಯಾಸ್ತದ ಪಕ್ಕದಲ್ಲಿ ಒಂದು ಸಾಲೂ ಇಲ್ಲ. ನಮ್ಮ ಹೆಣ್ಣುಮಕ್ಕಳ ಮೈ ಮೇಲೆ ಬಟ್ಟೆ ಉಳಿಸಿದ ಹೋರಾಟ ಈ ಜಿಲ್ಲೆಯ ಪರಂಪರೆ ಅಲ್ವಾ?

ಭದ್ರಾವತಿಗೆ ಬನ್ನಿ. ಕಬ್ಬಿಣದ ಕಾರ್ಖಾನೆ ಗೊತ್ತು, ವಿಶ್ವೇಶ್ವರಯ್ಯನವರು ಗೊತ್ತು, ಗೊತ್ತಿರಲೇಬೇಕು. ಅದೇ ಊರಲ್ಲಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡ್ತಾ 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನ ಕಟ್ಟಿ ಇಡೀ ಕರ್ನಾಟಕದ ಕೇರಿಗಳಿಗೆ ಬಾಯಿ ಕೊಟ್ಟವರು ಪ್ರೊ. ಬಿ. ಕೃಷ್ಣಪ್ಪ. ನನ್ನಂಥವನು ಇವತ್ತು ಹೀಗೆ ನಿಮಗೆ ಎದುರು ಮಾತಾಡ್ತಿದ್ದೀನಿ ಅಂದ್ರೆ ಆ ಊರಿನ ಋಣ. ಶಿವಮೊಗ್ಗಕ್ಕೆ ಬಂದ ನೆಂಟರಿಗೆ ಜೋಗ ತೋರಿಸ್ತೀರ, ಇಕ್ಕೇರಿ ತೋರಿಸ್ತೀರ, ಸಂಸ್ಕೃತ ಕೇಳಿಸೋಕೆ ಮತ್ತೂರಿಗೂ ಕರ್ಕೊಂಡು ಹೋಗ್ತೀರ. ತೋರಿಸಿ, ಬೇಡ ಅನ್ನಲ್ಲ. ಕೃಷ್ಣಪ್ಪನವರು ನಡೆದ ಬೀದಿ ತೋರಿಸ್ತೀನಿ ಬಾ ಅಂತ ಯಾರಾದರೂ ನೆಂಟರನ್ನ ಭದ್ರಾವತಿಗೆ ಕರ್ಕೊಂಡು ಹೋಗಿದ್ದೀರಾ?

ಇನ್ನೊಂದು ಮಾತು. ಹಳೇ ಊರು ನೋಡೋ ಖುಷಿಯೇ ಎಲ್ಲರಿಗೂ ಒಂದೇ ಥರ ಸಿಗಲ್ಲ. 1934ರಲ್ಲಿ ಬಾಬಾಸಾಹೇಬರು ಸುಮಾರು ಮೂವತ್ತು ಜನ ಸಂಗಾತಿಗಳ ಜೊತೆ ವೇರೂಳದ ಗುಹೆಗಳನ್ನ ನೋಡೋಕೆ ಹೊರಟು, ದಾರಿಯಲ್ಲಿ ದೌಲತಾಬಾದ್ ಕೋಟೆಗೆ ಹೋದರು. ಬಾಗಿಲ ಹತ್ತಿರದ ಕೊಳದಲ್ಲಿ ಧೂಳಿನ ಮುಖ ತೊಳೆದುಕೊಂಡರು. ಅಷ್ಟಕ್ಕೇ ಕೊಳ ಮೈಲಿಗೆ ಆಯ್ತು ಅಂತ ಗದ್ದಲ. ಗದ್ದಲ ಎಬ್ಬಿಸಿದವರು ಅಲ್ಲಿನ ಮುಸ್ಲಿಮರು. ಜಾತಿಯ ಅಂಟು ಧರ್ಮವನ್ನೂ ದಾಟುತ್ತೆ ಅನ್ನೋದಕ್ಕೇ ಅದನ್ನ ಅವರು ಬರೆದಿಟ್ಟರು. ಕೊನೆಗೆ ಕೋಟೆಯೊಳಗೆ ಬಿಟ್ಟರು, ಎಲ್ಲೂ ನೀರು ಮುಟ್ಟದಂತೆ ಕಾಯೋಕೆ ಜೊತೆಗೆ ಬಂದೂಕಿನವನನ್ನ ಕಳಿಸಿ. ಕೊಲಂಬಿಯಾ, ಲಂಡನ್ ಓದಿ ಬಂದ ಮನುಷ್ಯನಿಗೆ ತನ್ನ ದೇಶದ ಕೋಟೆ ನೋಡೋಕೆ ಬಂದೂಕಿನ ಕಾವಲು! ವಿದೇಶದಲ್ಲಿದ್ದ ಐದು ವರ್ಷದಲ್ಲಿ ತಾನು ಅಸ್ಪೃಶ್ಯ ಅನ್ನೋದೇ ಮರೆತುಹೋಗಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ನನಗೂ ಹನ್ನೆರಡು ದಿನ ಮರೆತುಹೋಗಿತ್ತು. ವಾಪಸ್ ಬಂದ ತಿಂಗಳಿಗೆ ನಮ್ಮ ಕಡೆಯದೇ ಒಂದು ಹಳೇ ದೇವಸ್ಥಾನ ನೋಡೋಕೆ ಹೋದೆ. ಬಾಗಿಲಲ್ಲಿ ಕೂತಿದ್ದವರು ನಗ್ತಾನೇ ಕೇಳಿದರು, "ಎಲ್ಲಾಯ್ತು, ತಾವು ಯಾವ ಜನ?" ಮತ್ತೆ ನೆನಪಾಯ್ತು.

ಇಷ್ಟೆಲ್ಲ ಹೇಳಿದ ಮೇಲೆ ನನಗೇ ತಿರುಗೇಟು ಕೊಟ್ಟ ಮಾತೂ ಒಂದಿದೆ, ಮುಚ್ಚಿಡಲ್ಲ. ಆ ತೊಟ್ಟಿ ಫೋಟೋ ಅವ್ವನಿಗೆ ತೋರಿಸಿ, "ನಮ್ಮೂರಲ್ಲೂ ಹೀಗೇ ಬೋರ್ಡ್ ಹಾಕ್ಸಬೇಕು ಕಣವ್ವ, ಇದು ನಮಗೆ ಬೇರೆ ಬಾವಿ ಇದ್ದ ಜಾಗ ಅಂತ" ಅಂದೆ. ಅವ್ವ ಎಲೆಡಿಕೆ ಮೆಲ್ತಾ ಅಂದಳು, "ಬರ್ಸಿ ಏನ್ ಮಾಡ್ತೀಯ? ನಿನ್ ಮೊಮ್ಮಕ್ಳು ಓದಿ ತಲೆ ತಗ್ಸಕಾ?"

ನನಗೆ ಉತ್ತರ ಹೊಳೀಲಿಲ್ಲ. ಕಾಗೋಗಳೂ ಹಾಗೇ ಮಾಡಿದರು. ಕ್ರಾಂತಿಯ ಕಾಲದಲ್ಲಿ ತಮ್ಮ ಹೆಸರಿದ್ದ ದಾಖಲೆಗಳನ್ನ ಸುಟ್ಟವರಿದ್ದಾರಂತೆ, ಊರು ಬಿಟ್ಟು ಹೆಸರು ಬದಲಾಯಿಸಿಕೊಂಡವರಿದ್ದಾರಂತೆ. ಮರೆತುಬಿಡೋದೂ ಒಂದು ಬಿಡುಗಡೆ. ಅದನ್ನ ತಪ್ಪು ಅನ್ನೋಕೆ ನಾನ್ಯಾರು?

ಹದಿನೈದು ದಿನ ಯೋಚನೆ ಮಾಡಿ ಅವ್ವನಿಗೆ ಹೇಳಿದೆ. "ಅವ್ವ, ಬೋರ್ಡಲ್ಲಿ ನಮ್ಮ ಹೆಸರು ಮಾತ್ರ ಬರೆದ್ರೆ ನಮ್ಮ ಮಕ್ಕಳು ತಲೆ ತಗ್ಗಿಸ್ತಾರೆ. ಬೇರೆ ಬಾವಿ ಅಂತ ಯಾರು ಮಾಡಿದ್ರು, ಯಾಕೆ ಮಾಡಿದ್ರು, ಅದನ್ನ ಯಾರು ಮುರಿದ್ರು ಅಂತಲೂ ಬರೆದ್ರೆ ತಲೆ ತಗ್ಗಿಸಬೇಕಾದವರು ಬೇರೆಯವರು." ಅವ್ವ ಒಪ್ಪಿದಳು ಅಂತ ಸುಳ್ಳು ಹೇಳಲ್ಲ. "ಹಂಗಾದ್ರೆ ಪೂರಾ ಬರಿ, ಅರ್ಧ ಬರೀಬ್ಯಾಡ" ಅಂದಳು. ಅಷ್ಟೇ.

ಅದಕ್ಕೇ ಪೂರಾ ಬರೀತಿದ್ದೀನಿ. ನಾನು ಕೇಳ್ತಿರೋದು ಕೇರಿ ಪ್ರವಾಸ ಅಲ್ಲ. ಕ್ಯಾಮೆರಾ ಹಿಡಿದು ಬಂದು ನಮ್ಮ ಮುದುಕರ ಸುಕ್ಕಿನ ಮುಖದ ಫೋಟೋ ತಗೊಂಡು ಹೋಗೋದು ಬೇಡವೇ ಬೇಡ. ನಾನು ಕೇಳೋದು ಇಷ್ಟು.

ಒಂದು. ಈ ಜಿಲ್ಲೆಯ ಯಾವ ಹಳೇ ಗುಡಿ, ಕೋಟೆ, ಅಗ್ರಹಾರದ ಮುಂದೆ ಬೋರ್ಡ್ ಹಾಕಿದರೂ, ಕಟ್ಟಿಸಿದ ರಾಜನ ಹೆಸರಿನ ಕೆಳಗೆ ಇನ್ನೆರಡು ಸಾಲು ಇರಲಿ. ಒಳಗೆ ಯಾರನ್ನ ಬಿಡ್ತಿರಲಿಲ್ಲ, ಯಾವಾಗಿಂದ ಬಿಟ್ಟರು.

ಎರಡು. ಚಂದ್ರಗುತ್ತಿಯಲ್ಲಿ 1986ರ ನೆನಪಿಗೆ ಒಂದು ಕಲ್ಲು. ದೊಡ್ಡದು ಬೇಡ. ಓದೋಕೆ ಬಂದರೆ ಸಾಕು.

ಮೂರು. ಜಿಲ್ಲೆಯ ಪ್ರವಾಸಿ ನಕ್ಷೆಯಲ್ಲಿ ಭದ್ರಾವತಿ ಹೆಸರಿನ ಪಕ್ಕ ಕಾರ್ಖಾನೆ ಜೊತೆ ಕೃಷ್ಣಪ್ಪನವರ ಹೆಸರೂ ಇರಲಿ.

ನಾಲ್ಕು. ನಮ್ಮ ಸೋಗಾನೆ. 2023ರ ಫೆಬ್ರವರಿ 27ರಂದು ಉದ್ಘಾಟನೆ ಆದ ವಿಮಾನ ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿದೆ. ಮನುಷ್ಯಜಾತಿ ಒಂದೇ ಅಂತ ಜೀವನಪೂರ್ತಿ ಹೇಳಿದವರ ಹೆಸರು, ಬಹಳ ಸಂತೋಷ. ಆ 3.2 ಕಿಲೋಮೀಟರ್ ರನ್‌ವೇ ಕೆಳಗೆ ಯಾರ್ಯಾರು ಉತ್ತ ಹೊಲ ಇತ್ತು, ಆ ಹೊಲಗಳಿಗೆ ಊರಿನವರು ಏನೇನು ಹೆಸರಿಟ್ಟು ಕರೀತಿದ್ದರು, ಒಂದು ಗೋಡೆ ಮೇಲೆ ಬರೆಯಿರಿ. ಹೊರಗಿಂದ ಬಂದವರು ಬ್ಯಾಗು ಕಾಯ್ತಾ ನಿಂತಾಗ ಓದಲಿ. ಸೋಗಾನೆಯಲ್ಲಿ ಜೈಲು, ಏರ್‌ಪೋರ್ಟು ಬಿಟ್ಟು ಮೂರನೇದು ಒಂದಿದೆ ಅಂದೆನಲ್ಲ, ಅದು ಇದು. ಜನ ಇದ್ದಾರೆ ಇಲ್ಲಿ, ಅವರಿಗೂ ಇತಿಹಾಸ ಇದೆ.

ಬರೆಯೋದು ಮಾತ್ರ ಆಯಾ ಕೇರಿಯವರ ಕೈಯಲ್ಲಿರಲಿ. ಬೇಡ ಅಂದ ಕೇರಿಯಲ್ಲಿ ಬೇಡ.

ಕೊನೆಗೆ ಸಾಹೇಬರಿಗೆ. ಸಾರ್, ನೀವು ಹಾಕಿದ ನಲವತ್ತು ಫೋಟೋ ನಾನು ಎರಡೆರಡು ಸಲ ನೋಡಿದೆ. ಚೆನ್ನಾಗಿವೆ. ಯುರೋಪಿನ ಕಲ್ಲುಹಾಸು ನಮ್ಮ ಬೀದಿಗೂ ಬೇಕು, ಆ ದೀಪದ ಕಂಬ ಬೇಕು, ಆ ಸ್ವಚ್ಛತೆ ಬೇಕು ಅಂದ್ರಿ. ಎಲ್ಲ ತನ್ನಿ. ಜೊತೆಗೆ ಆ ತೊಟ್ಟಿಯನ್ನ ತೋರಿಸೋ ಧೈರ್ಯವನ್ನೂ ತನ್ನಿ. ಅದಿಲ್ಲದೆ ಕಲ್ಲು ಹಾಸಿದರೆ ಅದು ಪರಂಪರೆ ಅಲ್ಲ, ಬರೀ ನೆಲ ಮುಚ್ಚಿದ್ದು.

ಮುಂದಿನ ಭಾನುವಾರ ಮನೆಗೆ ಬನ್ನಿ. ನಮ್ಮ ಕೇರಿ ತೋರಿಸ್ತೀನಿ, ಅಜ್ಜನ ಸುಣ್ಣದ ಗುಂಡಿ ಇದ್ದ ಜಾಗ ತೋರಿಸ್ತೀನಿ. ಅಲ್ಲಿ ಈಗ ಒಂದು ನುಗ್ಗೆ ಮರ ಇದೆ. ಅದರ ಕೆಳಗೆ ನಿಂತು ಒಂದು ಸೆಲ್ಫಿ ತಗೊಳ್ಳೋಣ. ಅವ್ವ ಕಾಫಿ ಮಾಡ್ತಾಳೆ, ಕುಡಿದು ಹೋಗಿ. ನಲವತ್ತೊಂದನೇ ಫೋಟೋ ಅದಾಗಲಿ. ಗುಂಪಿಗೆ ನೀವೇ ಹಾಕಿ.

ಜೈ ಭೀಮ್.